ಕೇದಾರ ಯಾತ್ರೆ: ನೋಂದಣಿ ಮತ್ತು ಹೆಲಿಕಾಪ್ಟರ್ ಟಿಕೆಟ್ಟಿನ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಎಚ್ಚರಿಕೆ

ಮುಂದಿನ ಋತುವಿನಲ್ಲಿ ಮನೆಯ ಹಿರಿಯರನ್ನು ಕೇದಾರನಾಥಕ್ಕೆ ಕರೆದೊಯ್ಯಬೇಕೆಂದು ಯೋಚಿಸುತ್ತಿರುವವರು, ಅದರಲ್ಲೂ ಎಲ್ಲವನ್ನೂ ಟ್ರಾವೆಲ್ಸ್‌ನವರ ಪ್ಯಾಕೇಜಿಗೆ ಒಪ್ಪಿಸಿ ನಿಶ್ಚಿಂತರಾಗಿರುವವರು, ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು. ಸರ್ಕಾರದಲ್ಲಿ ಕಡ್ಡಾಯವಾಗಿ ಮಾಡಿಸಬೇಕಾದ ಯಾತ್ರಾ ನೋಂದಣಿ ಮತ್ತು ಹೆಲಿಕಾಪ್ಟರ್ ಟಿಕೆಟ್ಟು ಅಸಲಿಯೇ ಎಂಬುದನ್ನು ಊರು ಬಿಡುವ ಮೊದಲೇ ನೀವು ಸ್ವತಃ ಪರಿಶೀಲಿಸಿಕೊಳ್ಳದಿದ್ದರೆ, ಸತ್ಯ ತಿಳಿಯುವುದು ಕೇದಾರದ ದಾರಿಯಲ್ಲಿರುವ ಫಾಟಾದ ಹೆಲಿಪ್ಯಾಡಿನಲ್ಲಿ ಅಥವಾ ಸೋನ್‌ಪ್ರಯಾಗದ ತಪಾಸಣೆಯಲ್ಲಿ. ಅಷ್ಟು ದೂರ ಹೋದ ಮೇಲೆ ಸರಿಪಡಿಸಿಕೊಳ್ಳುವ ದಾರಿ ಹೆಚ್ಚಿನವರಿಗೆ ಇರುವುದಿಲ್ಲ. ನಮಗೂ ಇರಲಿಲ್ಲ.

ಕೇದಾರವು ಕನ್ನಡಿಗರಿಗೆ ಎಂದೂ ಪರಕೀಯ ಕ್ಷೇತ್ರವಲ್ಲ. ಊಖೀಮಠದಲ್ಲಿರುವ ಕೇದಾರಪೀಠವು ವೀರಶೈವರ ಪಂಚಪೀಠಗಳಲ್ಲಿ ಒಂದು. ದೇವಸ್ಥಾನದ ಧಾರ್ಮಿಕ ಮುಖ್ಯಸ್ಥರಾದ ರಾವಲರು ಮತ್ತು ಅರ್ಚಕರು ಪರಂಪರೆಯಿಂದ ದಕ್ಷಿಣದ ವೀರಶೈವರು, ಹೆಚ್ಚಾಗಿ ಕನ್ನಡ ನಾಡಿನ ಮೂಲದವರು. ಈ ಆತ್ಮೀಯತೆಯನ್ನೇ ಬಂಡವಾಳ ಮಾಡಿಕೊಂಡು ವ್ಯವಹರಿಸುವವರೂ ಇದ್ದಾರೆ. ನಮ್ಮ ಮನೆಗೆ ಬಂದಿದ್ದ ಏಜೆಂಟರು “ಅಲ್ಲಿ ಪೂಜೆ ಮಾಡುವವರು ನಮ್ಮ ಕಡೆಯವರೇ, ನೇರವಾಗಿ ಗರ್ಭಗುಡಿಗೆ ಕರೆದುಕೊಂಡು ಹೋಗುತ್ತಾರೆ” ಎಂದು ನಮ್ಮ ತಾಯಿಯವರ ಎದುರಿಗೆ ಹೇಳಿದರು. ಮಂಡಿನೋವಿನಿಂದ ಬಳಲುತ್ತಿದ್ದ ತಾಯಿಯವರಿಗೂ ರಕ್ತದೊತ್ತಡವಿದ್ದ ಚಿಕ್ಕಪ್ಪನವರಿಗೂ ಆ ಮಾತು ಬಹಳ ಧೈರ್ಯ ಕೊಟ್ಟಿತು. ದೇವಸ್ಥಾನದಲ್ಲಿ ವಿಶೇಷ ಪೂಜೆ ಮಾಡಿಸಬೇಕೆಂದರೆ ಬದರೀನಾಥ–ಕೇದಾರನಾಥ ದೇವಸ್ಥಾನ ಸಮಿತಿಯ ಮೂಲಕವೇ ಕಾಯ್ದಿರಿಸಬೇಕು. ಜನಸಂದಣಿ ಮಿತಿಮೀರಿದಾಗ ವಿಐಪಿ ದರ್ಶನವನ್ನೇ ಸರ್ಕಾರ ನಿಲ್ಲಿಸಿಬಿಡುತ್ತದೆ. 2024ರ ಮೇ ತಿಂಗಳಲ್ಲಿ ಹಾಗೆಯೇ ಆಯಿತು. ಆದ್ದರಿಂದ ಅರ್ಚಕರ ಪರಿಚಯವಿದೆ ಎಂದು ಹಣ ಕೇಳುವವರಿಂದ ದೂರವಿರುವುದೇ ಲೇಸು. ಅವರು ಹೆಸರು ಹೇಳಿಕೊಳ್ಳುವ ಅರ್ಚಕರಿಗೆ ಇದರ ಸುಳಿವೂ ಇರುವುದಿಲ್ಲ.

ನಮಗೆ ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ ಹರಿದ್ವಾರದಿಂದ ಗುಪ್ತಕಾಶಿ, ಮರುದಿನ ಫಾಟಾದಿಂದ ಹೆಲಿಕಾಪ್ಟರಿನಲ್ಲಿ ಕೇದಾರ, ಅದರ ಮರುದಿನವೇ ಬದರಿಯ ಕಡೆಗೆ ಪ್ರಯಾಣ ಎಂದಿತ್ತು. ಹೊರಡುವುದಕ್ಕೆ ಕೆಲವೇ ದಿನಗಳಿರುವಾಗ ಟಿಕೆಟ್ಟುಗಳು ವಾಟ್ಸಾಪಿನಲ್ಲಿ ಬಂದವು. ಎಲ್ಲರ ಹೆಸರು, ವಯಸ್ಸು, ಹಾರಾಟದ ಸಮಯ, ಕ್ಯೂಆರ್ ಕೋಡ್, ಕಂಪನಿಯ ಲಾಂಛನ, ಯಾವುದಕ್ಕೂ ಕೊರತೆಯಿರಲಿಲ್ಲ. ಫಾಟಾದ ಕೌಂಟರಿನಲ್ಲಿದ್ದ ಸಿಬ್ಬಂದಿ ಅದನ್ನು ಸ್ಕ್ಯಾನ್ ಮಾಡಿ, ಆ ಸಂಖ್ಯೆಯ ಟಿಕೆಟ್ಟೇ ತಮ್ಮ ಪಟ್ಟಿಯಲ್ಲಿಲ್ಲ ಎಂದರು. ಪಕ್ಕದಲ್ಲಿ ಬೇರೆ ರಾಜ್ಯದ ವೃದ್ಧ ದಂಪತಿಗಳು ಇಂಥದೇ ಕಾಗದ ಹಿಡಿದು ನಿಂತಿದ್ದರು. ಏಜೆಂಟರಿಗೆ ಕರೆ ಮಾಡಿದಾಗ ಮೊದಲು “ಸರ್ವರ್ ತೊಂದರೆ” ಎಂಬ ಉತ್ತರ ಬಂತು. ಆಮೇಲೆ ಅವರ ಫೋನ್ ಸ್ವಿಚ್ ಆಫ್ ಆಯಿತು.

ಈ ಮೋಸ ನಮ್ಮೊಬ್ಬರಿಗೇ ಆದದ್ದಲ್ಲ. ಕೇದಾರದ ಹೆಲಿಕಾಪ್ಟರ್ ಟಿಕೆಟ್ಟಿನ ಹೆಸರಿನಲ್ಲಿ ತೆರೆದ ನಕಲಿ ಜಾಲತಾಣಗಳನ್ನು ಉತ್ತರಾಖಂಡ ಪೊಲೀಸರು ಪ್ರತಿ ಋತುವಿನಲ್ಲೂ ಮುಚ್ಚಿಸುತ್ತಲೇ ಇದ್ದಾರೆ. 2023ರಿಂದ ಫಾಟಾ, ಸಿರ್ಸಿ, ಗುಪ್ತಕಾಶಿಗಳಿಂದ ಕೇದಾರಕ್ಕೆ ಹಾರುವ ಸೇವೆಯ ಟಿಕೆಟ್ಟುಗಳನ್ನು ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣದಲ್ಲಿ ಮಾತ್ರ ಕಾಯ್ದಿರಿಸಲಾಗುತ್ತಿದೆ. ಅದಕ್ಕೂ ಮೊದಲು ಯಾತ್ರಾ ನೋಂದಣಿ ಆಗಿರಲೇಬೇಕು; ಆ ನೋಂದಣಿ ಸಂಖ್ಯೆ ಇಲ್ಲದೆ ಟಿಕೆಟ್ಟು ಸಿಗುವುದಿಲ್ಲ. 2025ರ ಋತುವಿನ ಆರಂಭದಲ್ಲಿ ಫಾಟಾ ಮತ್ತು ಸಿರ್ಸಿಗಳಿಂದ ಹೋಗಿ ಬರುವುದಕ್ಕೆ ಒಬ್ಬರಿಗೆ ಸುಮಾರು 6,000 ರೂಪಾಯಿ, ಗುಪ್ತಕಾಶಿಯಿಂದ ಸುಮಾರು 8,500 ರೂಪಾಯಿ ಇತ್ತು. ಬುಕಿಂಗ್ ತೆರೆದ ಕೆಲವೇ ಹೊತ್ತಿನಲ್ಲಿ ಟಿಕೆಟ್ಟುಗಳು ಮುಗಿದುಹೋಗುತ್ತವೆ. ಹೀಗಿರುವಾಗ ಹೊರಡುವ ಹಿಂದಿನ ವಾರ “ನಮ್ಮ ಕೋಟಾದಲ್ಲಿ ಇದೆ” ಎನ್ನುವವರನ್ನು, ಈ ದರದ ಎರಡು ಮೂರು ಪಟ್ಟು ಹೇಳುವವರನ್ನು, ಯಾರದೋ ವೈಯಕ್ತಿಕ ಯುಪಿಐ ಖಾತೆಗೆ ಹಣ ಹಾಕಿ ಎನ್ನುವವರನ್ನು ಖಂಡಿತವಾಗಿಯೂ ನಂಬಬೇಡಿ. ಟಿಕೆಟ್ಟು ನಿಮ್ಮದೇ ಮೊಬೈಲ್ ಸಂಖ್ಯೆಯಿಂದ, ನಿಮ್ಮದೇ ಲಾಗಿನ್‌ನಲ್ಲಿ ಆಗಿರಬೇಕು. ಏಜೆಂಟರಿಗೆ ವಾಹನ ಮತ್ತು ವಸತಿಯ ಜವಾಬ್ದಾರಿ ಕೊಡಿ, ಇದನ್ನು ಮಾತ್ರ ಕೊಡಬೇಡಿ.

ಅಸಲಿ ಟಿಕೆಟ್ಟಿದ್ದರೂ ಹಾರಾಟ ನಡೆದೇ ನಡೆಯುತ್ತದೆಂದು ಹೇಳಲಾಗದು. ಆ ಕಣಿವೆಯಲ್ಲಿ ಮೋಡ ಕವಿಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 2025ರ ಜೂನ್ 15ರಂದು ಕೇದಾರದಿಂದ ಹಿಂದಿರುಗುತ್ತಿದ್ದ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಅದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು, ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಹವಾಮಾನ ಸರಿಯಿಲ್ಲವೆಂದು ಹಾರಾಟ ರದ್ದು ಮಾಡಿದರೆ ಬೇಸರಪಡದೆ ಒಪ್ಪಿಕೊಳ್ಳಬೇಕು, ಅದಕ್ಕೆ ಒಂದೆರಡು ದಿನ ಕೈಯಲ್ಲಿರಬೇಕು.

ಫಾಟಾದಿಂದ ರಸ್ತೆಯಲ್ಲೇ ಸೋನ್‌ಪ್ರಯಾಗಕ್ಕೆ ಹೋದೆವು. ಹೊರಗಿನ ವಾಹನಗಳು ಅಲ್ಲಿಗೇ ನಿಲ್ಲುತ್ತವೆ. ಮುಂದೆ ಗೌರಿಕುಂಡದವರೆಗಿನ 5 ಕಿಲೋಮೀಟರಿಗೆ ಸ್ಥಳೀಯ ಜೀಪುಗಳನ್ನೇ ಹತ್ತಬೇಕು. ಸೋನ್‌ಪ್ರಯಾಗದಲ್ಲಿ ನೋಂದಣಿ ಪತ್ರ ತಪಾಸಣೆ ಮಾಡಿದ ಪೊಲೀಸರು ನಮ್ಮನ್ನು ಪಕ್ಕಕ್ಕೆ ಕರೆದು, ಮುದ್ರಿತ ಪ್ರತಿಯಲ್ಲಿರುವ ದಿನಾಂಕಕ್ಕೂ ತಮ್ಮ ಯಂತ್ರದಲ್ಲಿ ಕಾಣುವ ದಿನಾಂಕಕ್ಕೂ ತಾಳೆಯಾಗುವುದಿಲ್ಲ ಎಂದು ತೋರಿಸಿದರು. ನೋಂದಣಿ ಆಗಿದ್ದದ್ದು ನಿಜ, ಆದರೆ ಅದು ನಂತರದ ದಿನಾಂಕಕ್ಕೆ ಆಗಿತ್ತು. ಬೇಕಾದ ದಿನ ಸಿಗದಿದ್ದಾಗ, ಸಿಕ್ಕ ದಿನಕ್ಕೆ ನೋಂದಾಯಿಸಿ, ಕಾಗದದ ಮೇಲಿನ ದಿನಾಂಕವನ್ನು ತಿದ್ದಿ ಮುದ್ರಿಸಿ ಕೊಟ್ಟಿದ್ದರು. 2024ರ ಋತುವಿನಲ್ಲಿ ಹೀಗೆ ದಿನಾಂಕ ತಿದ್ದಿದ ಪತ್ರಗಳು ಬಹಳಷ್ಟು ಸಿಕ್ಕಿಬಿದ್ದು, ಕೆಲವು ಏಜೆಂಟರ ಮೇಲೆ ಪ್ರಕರಣಗಳೂ ದಾಖಲಾಗಿದ್ದವೆಂದು ಆಮೇಲೆ ತಿಳಿಯಿತು. ಪೊಲೀಸರು ನಮ್ಮೊಡನೆ ಸೌಜನ್ಯದಿಂದಲೇ ವರ್ತಿಸಿದರು, ಆದರೆ ನಿಯಮ ಸಡಿಲಿಸಲು ಅವರಿಗೂ ಸಾಧ್ಯವಿರಲಿಲ್ಲ. ನಿಜವಾದ ದಿನಾಂಕ ಬರುವವರೆಗೆ ಹತ್ತಿರದ ಸೀತಾಪುರದಲ್ಲಿ ದುಬಾರಿ ಬಾಡಿಗೆಯ ಕೋಣೆಯಲ್ಲಿ ಕಾದು ಕೂತೆವು. ಬದರಿಯ ಆಸೆಯನ್ನು ಅಲ್ಲಿಯೇ ಬಿಡಬೇಕಾಯಿತು.

ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯ ಜಾಲತಾಣದಲ್ಲಾಗಲಿ, ಟೂರಿಸ್ಟ್ ಕೇರ್ ಉತ್ತರಾಖಂಡ ಎಂಬ ಆ್ಯಪಿನಲ್ಲಾಗಲಿ ಯಾರು ಬೇಕಾದರೂ ಮನೆಯಲ್ಲೇ ಕೂತು ನೋಂದಾಯಿಸಿಕೊಳ್ಳಬಹುದು. 2025ರಲ್ಲಿ ಅದಕ್ಕೆ ಶುಲ್ಕವೂ ಇರಲಿಲ್ಲ. ಕೇದಾರ, ಬದರಿ ಮುಂತಾದ ಪ್ರತಿಯೊಂದು ಧಾಮಕ್ಕೂ ಬೇರೆ ಬೇರೆ ದಿನಾಂಕ ನಮೂದಾಗುತ್ತದೆ. ಅದನ್ನು ಕಾಗದದಲ್ಲಲ್ಲ, ಜಾಲತಾಣದಲ್ಲೇ ತೆರೆದು ನೋಡಿಕೊಳ್ಳಿ. ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಪ್ರಕಟಿಸುತ್ತಾರೆ. ಅದಕ್ಕೂ ಮೊದಲೇ “ಇಂಥ ದಿನ ದರ್ಶನ ಖಚಿತ” ಎಂದು ಹೇಳಿ ಪೂರ್ತಿ ಹಣ ಕೇಳುವವರು ತಮಗೇ ತಿಳಿಯದ ದಿನವನ್ನು ಮಾರುತ್ತಿದ್ದಾರೆ.

ಇಷ್ಟರ ಮೇಲೆ ನಡೆದದ್ದು ಹಣದ ನಷ್ಟಕ್ಕಿಂತ ಘೋರವಾದದ್ದು. ಗೌರಿಕುಂಡ ಇರುವುದು ಸುಮಾರು 1,980 ಮೀಟರ್ ಎತ್ತರದಲ್ಲಿ, ಕೇದಾರ 3,583 ಮೀಟರ್ ಎತ್ತರದಲ್ಲಿ. ನಡುವೆ ಸುಮಾರು 16 ಕಿಲೋಮೀಟರ್ ಏರುದಾರಿ. ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು ಮಾತ್ರ. ಕಳೆದುಹೋದ ದಿನಗಳನ್ನು ಸರಿದೂಗಿಸಬೇಕೆಂದು ಚಾಲಕರು ಅವಸರ ಮಾಡುತ್ತಿದ್ದರಿಂದ ಚಿಕ್ಕಪ್ಪ, ನಾನು ಮತ್ತು ತಮ್ಮ ಒಂದೇ ದಿನದಲ್ಲಿ ಕುದುರೆಯ ಮೇಲೆ ಏರಿದೆವು. ತಾಯಿಯವರಿಗೆ ಕುದುರೆಯ ಮೇಲೆ ಕೂರುವುದು ಸಾಧ್ಯವಿರಲಿಲ್ಲ, ಆ ದಿನ ಡೋಲಿಯೂ ಸಿಗಲಿಲ್ಲ. ಅವರು ಕೆಳಗೇ ಉಳಿದರು. ದಾರಿಯಲ್ಲಿರುವ ಲಿಂಚೋಲಿ ದಾಟುವಾಗಲೇ ಚಿಕ್ಕಪ್ಪನವರಿಗೆ ತಲೆನೋವು ಶುರುವಾಗಿತ್ತು. ರಾತ್ರಿ ಡೇರೆಯಲ್ಲಿ ವಾಂತಿಯಾಯಿತು, ಬೆಳಗಿನ ಜಾವದ ಹೊತ್ತಿಗೆ ಮಲಗಿದ್ದಲ್ಲೇ ಏದುಸಿರು ಬರತೊಡಗಿತು. ಅಲ್ಲಿನ ವೈದ್ಯಕೀಯ ಕೇಂದ್ರದ ವೈದ್ಯರು ಆಮ್ಲಜನಕ ಕೊಟ್ಟು, ದರ್ಶನದ ಸಾಲಿನಲ್ಲಿ ನಿಲ್ಲುವ ಯೋಚನೆ ಬಿಟ್ಟು ಕೂಡಲೇ ಇಳಿಸಿಕೊಂಡು ಹೋಗಿ ಎಂದರು. ದೇವಸ್ಥಾನದ ಶಿಖರ ಕಣ್ಣಿಗೆ ಕಾಣುತ್ತಿರುವಾಗಲೇ ಅವರನ್ನು ಡೋಲಿಯಲ್ಲಿ ಇಳಿಸಿದೆವು. ಆ ವೈದ್ಯರು ಹಾಗೆ ಖಂಡಿತವಾಗಿ ಹೇಳದೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಭಯವಾಗುತ್ತದೆ.

ಎತ್ತರದಲ್ಲಿ ತಲೆನೋವಿನ ಜೊತೆ ವಾಂತಿ, ನಡೆಯುವಾಗ ತೂರಾಡುವುದು, ಕೂತಲ್ಲೇ ಉಸಿರು ಸಿಗದಿರುವುದು ಕಂಡರೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. “ಸ್ವಲ್ಪ ಮಲಗಿದರೆ ಸರಿಹೋಗುತ್ತದೆ” ಎಂಬ ಮಾತಿಗೆ ಕಿವಿಗೊಡಬೇಡಿ. ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಈ ಅಪಾಯ ಕಡಿಮೆ ಎಂದು ಭಾವಿಸುವಂತಿಲ್ಲ. ಕೆಲವೇ ನಿಮಿಷಗಳಲ್ಲಿ ಅಷ್ಟು ಎತ್ತರಕ್ಕೆ ತಲುಪುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೇ ಇರುವುದಿಲ್ಲ. ಯಾತ್ರೆಗೆ ಕನಿಷ್ಠ ಏಳು ದಿನ ಇಟ್ಟುಕೊಳ್ಳಿ ಎಂದು ಉತ್ತರಾಖಂಡ ಸರ್ಕಾರದ ಆರೋಗ್ಯ ಸೂಚನೆ ಹೇಳುತ್ತದೆ. 55 ವರ್ಷ ದಾಟಿದವರು, ಹೃದ್ರೋಗ, ಆಸ್ತಮಾ, ರಕ್ತದೊತ್ತಡ, ಮಧುಮೇಹ ಇರುವವರು ತಪಾಸಣೆ ಮಾಡಿಸಿಕೊಂಡೇ ಹೊರಡಬೇಕು. ಎತ್ತರದ ತೊಂದರೆಗೆ ಮಾತ್ರೆ ಬೇಕೇ ಎಂಬುದನ್ನು ನಿಮ್ಮ ವೈದ್ಯರೇ ತೀರ್ಮಾನಿಸಲಿ. ಜುಲೈ–ಆಗಸ್ಟ್ ತಿಂಗಳುಗಳನ್ನು ಬಿಟ್ಟುಬಿಡುವುದು ಒಳ್ಳೆಯದು. 2024ರ ಜುಲೈ 31ರ ಮಳೆಗೆ ಕಾಲುದಾರಿಯೇ ಹಲವೆಡೆ ಕೊಚ್ಚಿಹೋಗಿ ಸಾವಿರಾರು ಯಾತ್ರಿಕರು ನಡುದಾರಿಯಲ್ಲಿ ಸಿಲುಕಿದ್ದರು.

ಏರಲಾಗದ ಹಿರಿಯರಿಗೆ ಇನ್ನೊಂದು ದಾರಿಯಿದೆ, ಇದನ್ನು ಪ್ಯಾಕೇಜಿನವರು ಯಾರೂ ಹೇಳುವುದಿಲ್ಲ. ದೀಪಾವಳಿಯ ನಂತರದ ಬಿದಿಗೆಯಂದು ಕೇದಾರದ ಬಾಗಿಲು ಮುಚ್ಚಿದ ಮೇಲೆ ಪಂಚಮುಖಿ ಉತ್ಸವಮೂರ್ತಿ ಊಖೀಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಬರುತ್ತದೆ, ಚಳಿಗಾಲದ ಪೂಜೆಗಳೆಲ್ಲ ಅಲ್ಲೇ ನಡೆಯುತ್ತವೆ. ಅಲ್ಲಿಗೆ ರಸ್ತೆಯಲ್ಲೇ ಹೋಗಬಹುದು, ನೂಕುನುಗ್ಗಲೂ ಇರುವುದಿಲ್ಲ. ತಾಯಿಯವರನ್ನು ಬರುವ ಚಳಿಗಾಲದಲ್ಲಿ ಅಲ್ಲಿಗೆ ಕರೆದೊಯ್ಯುವುದೆಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ.

ಹಣದ ವಿಚಾರದಲ್ಲಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ತನಿಖೆ ಇನ್ನೂ ಮುಗಿದಿಲ್ಲ. ಹಣ ಹೋದ ಕೂಡಲೇ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ವಾಟ್ಸಾಪ್ ಸಂದೇಶಗಳು, ಹಣ ಕಳುಹಿಸಿದ ಯುಪಿಐ ವಿವರ, ನಕಲಿ ಟಿಕೆಟ್ಟಿನ ಪ್ರತಿ ಇವುಗಳನ್ನು ಅಳಿಸದೆ ಇಟ್ಟುಕೊಂಡದ್ದರಿಂದಲೇ ನಮ್ಮ ದೂರು ದಾಖಲಾಯಿತು. ಈಗಾಗಲೇ ಯಾರಿಗಾದರೂ ಹಣ ಕೊಟ್ಟು ಟಿಕೆಟ್ಟು ಪಡೆದಿದ್ದರೆ, ಅದರ ಸಂಖ್ಯೆಯನ್ನು ಇಂದೇ ಹೆಲಿಯಾತ್ರಾ ಜಾಲತಾಣದ ದಾಖಲೆಯೊಡನೆ ಹೋಲಿಸಿ ನೋಡಿ.