ಆಳಸಮುದ್ರದ ಮೀನುಗಳ ಪರಾವಲಂಬಿಗಳು: ಒಂದು ಸ್ಲೈಡ್ ಸಂಗ್ರಹದ ವಿಮರ್ಶೆ

ಸೂಕ್ಷ್ಮದರ್ಶಕಕ್ಕಾಗಿ ಸಿದ್ಧಪಡಿಸಿದ ಈ ಸಂಗ್ರಹದಲ್ಲಿ, ನನ್ನ ಮಟ್ಟಿಗೆ, ಸ್ಲೈಡ್‌ಗಳಿಗಿಂತ ಜೊತೆಗೆ ಬರುವ ಕೈಪಿಡಿಯೇ ಹೆಚ್ಚು ಉಪಯುಕ್ತ. ಗ್ರೆನೇಡಿಯರ್‌ನಂತಹ ಮೀನುಗಳನ್ನು ಆಳದಿಂದ ಮೇಲೆತ್ತುವಾಗ ಒತ್ತಡ ಕುಸಿದು, ಗಾಳಿಚೀಲ ಹಿಗ್ಗಿ, ಜಠರವೇ ಬಾಯಿಯಿಂದ ಹೊರಚಾಚಿಕೊಳ್ಳುವುದರಿಂದ, ಅವು ತಿಂದದ್ದೇನು ಎಂಬುದಕ್ಕೆ ಅಲ್ಲಿ ಪುರಾವೆ ಉಳಿಯುವುದು ಅಪರೂಪ. ಒಳಾಂಗಗಳಲ್ಲಿರುವ ಹುಳುಗಳು ಮಾತ್ರ ಉಳಿದುಕೊಳ್ಳುತ್ತವೆ. ಅನಿಸಾಕಿಸ್ ಕುಲದ ದುಂಡುಹುಳುಗಳ ಮರಿಗಳು, ಮೀನು ಸಿಗಡಿಯಂಥ ಕ್ರಿಲ್ ಮೊದಲಾದ ಕಠಿಣಚರ್ಮಿಗಳನ್ನೋ ಸಣ್ಣ ಮೀನುಗಳನ್ನೋ ತಿಂದಾಗ ಅದರ ದೇಹ ಸೇರುವುದರಿಂದ, ಹುಳುವನ್ನು ಗುರುತಿಸಿದರೆ ಆಹಾರದ ಸುಳಿವು ಸಿಗುತ್ತದೆಂಬ ತರ್ಕವನ್ನು ಕೈಪಿಡಿ ಸಾವಧಾನವಾಗಿ ಬಿಡಿಸಿಟ್ಟಿದೆ. ನೀರಿನಿಂದಲೇ ಬಂದು ಕಿವಿರುಗಳಿಗೆ ಅಂಟುವ ಮಾನೊಜೀನಿಯನ್ ಹುಳುಗಳಿಂದ ಅಂಥ ಸುಳಿವು ಸಿಗದೆಂಬ ಎಚ್ಚರಿಕೆಯನ್ನೂ ಮರೆತಿಲ್ಲ.

ಸ್ಲೈಡ್‌ಗಳ ಪೈಕಿ ಲಾಂದ್ರಮೀನಿನ ಹೃದಯಕ್ಕೆ ತಲೆ ತೂರಿಸಿ ರಕ್ತ ಹೀರುವ ಕಾರ್ಡಿಯೊಡೆಕ್ಟಿಸ್ ಎಂಬ ಕೋಪೆಪಾಡ್‌ನದು (ಪುಟ್ಟ ಕಠಿಣಚರ್ಮಿ) ಅತ್ಯುತ್ತಮ. ಮೀನಿನ ಮೈಯಿಂದ ಹೊರಗೆ ಚಾಚಿದ ಮೊಟ್ಟೆಯ ಸರಗಳ ಸುರುಳಿಯೂ ಸ್ಪಷ್ಟವಾಗಿದೆ. ಚಪ್ಪಟೆಹುಳುಗಳ ಸ್ಲೈಡ್‌ಗಳಲ್ಲಿ ಬಣ್ಣ ಅತಿಯಾಗಿ, ಜಾತಿ ಗುರುತಿಸಲು ಬೇಕಾದ, ಹುಳು ಅಂಟಿಕೊಳ್ಳಲು ಬಳಸುವ ಹೀರುಬಟ್ಟಲುಗಳೇ ಮಸುಕಾಗಿವೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಮೀನು ಸಿಕ್ಕ ಆಳವನ್ನು ಯಾವ ಚೀಟಿಯಲ್ಲೂ ನಮೂದಿಸಿಲ್ಲ. ಹಗಲು ಆಳದಲ್ಲಿದ್ದು ರಾತ್ರಿ ಮೇಲೇರಿ ಮೇಯುವ ಲಾಂದ್ರಮೀನಿನಂಥವುಗಳ ವಿಷಯದಲ್ಲಿ ಹಿಡಿದ ಹೊತ್ತನ್ನೂ ಬರೆಯಲೇಬೇಕಿತ್ತು.