ಕಪ್ಪು ಕಾರಿಗೆ ಕಾಲಿನೈಟ್ 845: ಎರಡು ಮಳೆಗಾಲ ಕಳೆದ ಮೇಲೆ

ಕಪ್ಪು ಅಥವಾ ಕಡುನೀಲಿ ಕಾರಿಗೆ ವ್ಯಾಕ್ಸ್ ಹಾಕಿ ಬೇಸರಪಟ್ಟವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಬೇಕಾದ್ದಕ್ಕಿಂತ ಮೂರು ಪಟ್ಟು ಬಳಿದಿರುತ್ತಾರೆ. ಕಾಲಿನೈಟ್ 845 ಆದರೆ ಇಡೀ ಸೆಡಾನಿಗೆ 15 ಮಿ.ಲೀ. ಸಾಕು, ಅಂದರೆ ಮೂರು ಟೀ ಚಮಚ. 473 ಮಿ.ಲೀ. ಬಾಟಲಿ ಹೀಗೆ 30 ಸಲಕ್ಕೆ ಬರುತ್ತದೆ. ವರ್ಷಕ್ಕೆ ನಾಲ್ಕು ಸಲ ಹಾಕಿದರೂ ಏಳು ವರ್ಷ ಮುಗಿಯುವುದಿಲ್ಲ.

ಇದು ಕಾರ್ನೌಬಾ ಮೇಣಕ್ಕೆ ಪಾಲಿಮರ್ ಬೆರೆಸಿದ ದ್ರವ ವ್ಯಾಕ್ಸ್. ಕಾರ್ನೌಬಾ ಎಂದರೆ ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯಿಂದ ಉದುರಿಸಿ ತೆಗೆಯುವ ಗಟ್ಟಿ ಮೇಣ. ಬಾಟಲಿಯ ಮೇಲೆ ಇನ್ಸುಲೇಟರ್ ವ್ಯಾಕ್ಸ್ ಎಂದಿರುವುದು ವಿದ್ಯುತ್ ತಂತಿಗಳ ಇನ್ಸುಲೇಟರ್‌ಗಳಿಗೆ ಬಳಿಯಲು ಮಾಡಿದ ಮೂಲದಿಂದ. ಡಿಸೆಂಬರಿನ ಬೆಳಗಿನ ಚಳಿಗೆ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ, ಕೆಟ್ಟಿತೆಂದು ಎಸೆಯಬೇಡಿ. ಬಾಟಲಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿ, ಚೆನ್ನಾಗಿ ಕುಲುಕಿ. ಒಳಗಿರುವುದು ಪೆಟ್ರೋಲಿಯಂ ದ್ರಾವಕ, ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ.

ಈ ವ್ಯಾಕ್ಸ್ ಗೀರು ತೆಗೆಯುವುದಿಲ್ಲ, ಅದು ಪಾಲಿಷ್‌ನ ಕೆಲಸ. ಕಪ್ಪು ಬಣ್ಣದ ಮೇಲೆ ಗೀರು ಬರುವುದು ಎಲ್ಲಿಂದ ಎಂದು ಮೊದಲು ನೋಡಬೇಕು. ಅಪಾರ್ಟ್‌ಮೆಂಟುಗಳಲ್ಲಿ ದಿನಾ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುತ್ತಾರಲ್ಲ, ಅಲ್ಲಿಂದ. ಒಣ ಧೂಳನ್ನು ಬಟ್ಟೆಯಿಂದ ಎಳೆದಾಗ ಮಣ್ಣಿನ ಕಣ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬಿಳಿ ಕಾರಿನಲ್ಲೂ ಅಷ್ಟೇ ಗೀರುಗಳಿರುತ್ತವೆ, ಕಾಣುವುದಿಲ್ಲ ಅಷ್ಟೆ. ರಾತ್ರಿ ಪಾರ್ಕಿಂಗಿನಲ್ಲಿ ಬಾನೆಟ್ ಮೇಲೆ ಬಲ್ಬಿನ ಪ್ರತಿಬಿಂಬ ನೋಡಿ, ಸುತ್ತ ಜೇಡರಬಲೆ ಕಟ್ಟಿದಂತಿರುತ್ತದೆ. ಗೀರುಗಳು ನಿಜಕ್ಕೂ ವೃತ್ತಾಕಾರವಲ್ಲ. ಎಲ್ಲ ದಿಕ್ಕಿಗೂ ಎಳೆದ ಸಣ್ಣ ಗೆರೆಗಳಲ್ಲಿ ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಮಿಂಚುತ್ತವೆ. ದಿನಾ ಒರೆಸುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ನೀರು ಹಾಯಿಸಿ ತೊಳೆಯುವುದೇ ಲೇಸು.

ತೊಳೆಯಲು ಎರಡು ಬಕೆಟ್ ಇಡಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದೊಂದು ಭಾಗ ಮುಗಿದಾಗ ಮಿಟ್ (ತೊಳೆಯುವ ಕೈಗವಸು) ಅನ್ನು ಬರೀ ನೀರಿನಲ್ಲಿ ಜಾಲಾಡಿಸಿ ಆಮೇಲೆ ಶಾಂಪೂಗೆ ಅದ್ದಬೇಕು. ಬಾಗಿಲಿನ ಕೆಳಭಾಗ ಕೊನೆಗೆ. ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಹಗುರವಾಗಿ ಸವರಿ. ರವೆ ತಾಗಿದಂತಾದರೆ ಕ್ಲೇ ಬಾರ್ ಬೇಕು, ಅಂದರೆ ಬಣ್ಣಕ್ಕೆ ಅಂಟಿದ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ. 100 ಗ್ರಾಂ ಕ್ಲೇಯನ್ನು ನಾಲ್ಕು ತುಂಡು ಮಾಡಿ, ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಒತ್ತದೆ ಜಾರಿಸಿ. ನೆಲಕ್ಕೆ ಬಿದ್ದ ತುಂಡು ಕಸದ ಬುಟ್ಟಿಗೆ, ತೊಳೆದರೂ ಅದರೊಳಗಿನ ಮರಳು ಹೋಗುವುದಿಲ್ಲ.

ಇನ್ನು ಪಾಲಿಷ್. ಕೈಯಿಂದ ಜೇಡರಬಲೆ ಪೂರ್ತಿ ಹೋಗುತ್ತದೆಂಬ ಆಸೆ ಬೇಡ, ಅರ್ಧ ಮಸುಕಾದರೂ ದೊಡ್ಡದು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಉಗುರು ಎಡವುವ ಗೀರನ್ನು ಉಜ್ಜಿ ತೆಗೆಯಲು ಹೋದರೆ ಆ ಪದರವೇ ಸವೆಯುತ್ತದೆ. ಬಾನೆಟ್ಟಿನ ಏಣುಗಳ ಮೇಲೆ ಅದು ಇನ್ನೂ ತೆಳುವಾಗಿರುವುದರಿಂದ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ. ಕಾರು ನೆರಳಲ್ಲಿ, ತಣ್ಣಗಿರಬೇಕು. ಮಧ್ಯಾಹ್ನದ ಬಿಸಿಲಿನ ಕಪ್ಪು ಬಾನೆಟ್ ಮೇಲೆ ಪಾಲಿಷ್ ಅಲ್ಲೇ ಒಣಗಿ ಕಲೆಯಾಗುತ್ತದೆ. ಫೋಮ್ ಅಪ್ಲಿಕೇಟರ್ (ಬಳಿಯುವ ಸ್ಪಂಜಿನ ಬಿಲ್ಲೆ) ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ, 40 ಸೆಂ.ಮೀ. ಚೌಕ ಜಾಗಕ್ಕೆ. ಉದ್ದಕ್ಕೂ ಅಡ್ಡಕ್ಕೂ ನೇರವಾಗಿ ಉಜ್ಜಿ, ಸುತ್ತಿಸಬೇಡಿ. ನೇರ ಗೆರೆ ಬಿದ್ದರೂ ಒಂದು ಕೋನದಿಂದ ಮಾತ್ರ ಕಾಣುತ್ತದೆ. ಎರಡು ನಿಮಿಷಕ್ಕೆ ಪಾಲಿಷ್ ತೆಳುವಾಗಿ ಪಾರದರ್ಶಕವಾಗುತ್ತದೆ, ಆಗ ಒರೆಸಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲವೆಂದು ಅರ್ಥ, ಅಲ್ಲಿಗೇ ನಿಲ್ಲಿಸಿ.

ಕೆಲವು ಪಾಲಿಷ್‌ಗಳ ಎಣ್ಣೆ ಗೀರಿನೊಳಗೆ ಕೂತು ಅದನ್ನು ಮುಚ್ಚಿಹಾಕುತ್ತದೆ. ಎರಡು ಸಲ ತೊಳೆದ ಮೇಲೆ ಗೀರು ಮತ್ತೆ ಮುಖ ತೋರಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಅರ್ಧರ್ಧ ಬೆರೆಸಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದರೆ ನಿಜ ಗೊತ್ತಾಗುತ್ತದೆ. ವ್ಯಾಕ್ಸ್ ಸರಿಯಾಗಿ ಅಂಟಿಕೊಳ್ಳಲೂ ಇದು ಒಳ್ಳೆಯದು.

845 ಹಾಕುವಾಗ ಅಪ್ಲಿಕೇಟರನ್ನು ಮೊದಲು ಸ್ವಲ್ಪ ಒದ್ದೆ ಮಾಡಿ ಹಿಂಡಿಕೊಳ್ಳಿ. ಒಂದು ಬಾಗಿಲಿಗೆ ಒಂದು ಹನಿ. ಬಳಿದ ಮೇಲೆ ಬಣ್ಣದ ಮೇಲೆ ಉಸಿರು ಬಿಟ್ಟ ಕನ್ನಡಿಯಷ್ಟೇ ಮಂಜು ಕಾಣಬೇಕು. ಹಾಲಿನಂತೆ ಬೆಳ್ಳಗಾದರೆ ಹೆಚ್ಚಾಯಿತು. ಒಂದೊಂದೇ ಭಾಗಕ್ಕೆ ಹಾಕಿ, ಬೆರಳಿನಿಂದ ಎಳೆದು ನೋಡಿ. ಗುರುತು ಸ್ವಚ್ಛವಾಗಿ ಉಳಿದರೆ ಕೂಡಲೇ ಒರೆಸಿ, ಮೆತ್ತಿಕೊಂಡರೆ ಒಂದು ನಿಮಿಷ ಕಾಯಿರಿ. ಇಡೀ ಕಾರಿಗೆ ಬಳಿದು ಕಾಫಿ ಕುಡಿದು ಬಂದರೆ ಒರೆಸಲು ಭುಜ ಬಿದ್ದುಹೋಗುತ್ತದೆ. 300-400 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಮೈಕ್ರೋಫೈಬರ್ ಬಟ್ಟೆ ಎರಡು ಬೇಕು, ಒಂದು ತೆಗೆಯಲು, ಇನ್ನೊಂದು ಹೊಳಪಿಗೆ. ಅಂಚಿನ ಲೇಬಲ್ ಕತ್ತರಿಸಿಬಿಡಿ, ಅದೂ ಗೀರುತ್ತದೆ.

ಮಂಗಳೂರು, ಉಡುಪಿಯ ಸೆಕೆಯಲ್ಲಿ ಮಂಜು ಬೇಗ ಕಟ್ಟುವುದಿಲ್ಲ, ಅಲ್ಲಿ ಪದರ ಇನ್ನೂ ತೆಳುವಾಗಿರಲಿ. ಮರುದಿನ ಬೆಳಿಗ್ಗೆ ಕಪ್ಪು ಬಣ್ಣದ ಮೇಲೆ ಎಣ್ಣೆ ಸವರಿದಂಥ ಮಸುಕು ಎದ್ದಿದ್ದರೆ ಗಾಬರಿ ಬೇಡ. ಹೆಚ್ಚಾದ ವ್ಯಾಕ್ಸಿನಿಂದ ದ್ರಾವಕ ಮೆಲ್ಲಗೆ ಹೊರಬಂದಿರುತ್ತದೆ, ಕೊಂಚ ತೇವದ ಮೈಕ್ರೋಫೈಬರ್‌ನಿಂದ ಒರೆಸಿದರೆ ಹೋಗುತ್ತದೆ. ಬಂಪರಿನ ಒರಟು ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿ ಬಿಳಿ ಕಲೆಯಾದರೆ ತೆಗೆಯುವುದು ತಲೆನೋವು. ಆ ಪ್ಲಾಸ್ಟಿಕ್ಕಿಗೂ ಮೊದಲೇ ಟೇಪ್ ಅಂಟಿಸಿ.

ನೀರು ಗುಂಡುಗುಂಡಾಗಿ ನಿಲ್ಲುವುದನ್ನು ನೋಡಿ ಎಲ್ಲರೂ ಖುಷಿಪಡುತ್ತಾರೆ. ಆದರೆ ಬೆಂಗಳೂರಿನ ಬೋರ್‌ವೆಲ್ ನೀರು ಹಾಗೆ ನಿಂತು ಬಿಸಿಲಿಗೆ ಒಣಗಿದರೆ ಪ್ರತಿ ಹನಿಯೂ ಒಂದು ಸುಣ್ಣದ ಉಂಗುರ. ಕಪ್ಪು ಕಾರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ತೊಳೆದ ತಕ್ಷಣ ಟವೆಲ್ ಹಾಸಿ ನೀರು ಹೀರಿಸಿ. ಉಂಗುರ ಬಿದ್ದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ನಿಮಿಷ ಇಟ್ಟು ತೊಳೆಯಿರಿ. ಆ ಜಾಗದ ವ್ಯಾಕ್ಸ್ ಕೂಡ ತೆಳುವಾಗುವುದರಿಂದ ಮತ್ತೆ ಹಚ್ಚಬೇಕು.

ಬಯಲಿನಲ್ಲಿ ನಿಲ್ಲುವ ಕಾರಿನಲ್ಲಿ ಬಾನೆಟ್ ಮತ್ತು ಟಾಪ್ ಮೇಲೆ ಇದರ ಆಯಸ್ಸು ಮೂರು ತಿಂಗಳು, ಬಾಗಿಲುಗಳ ಮೇಲೆ ನಾಲ್ಕೈದು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಒಂದು ಪದರ, ಮರುದಿನ ಇನ್ನೊಂದು ಹಾಕಿದರೆ ಸೆಪ್ಟೆಂಬರ್‌ವರೆಗೆ ಕೆಸರು ಅಂಟದೆ ನೀರಿನೊಂದಿಗೇ ಜಾರುತ್ತದೆ. ಹಕ್ಕಿ ಹಿಕ್ಕೆಗೆ ಮಾತ್ರ ಯಾವ ವ್ಯಾಕ್ಸನ್ನೂ ನಂಬಬೇಡಿ. ಕಾದ ಕಪ್ಪು ಬಣ್ಣದ ಮೇಲೆ ಅದರ ಆಮ್ಲ ಕೆಲವೇ ಗಂಟೆಗಳಲ್ಲಿ ಕ್ಲಿಯರ್ ಕೋಟ್ ಕೊರೆಯುತ್ತದೆ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಬಟ್ಟೆ ಇರಲಿ. ಒದ್ದೆ ಬಟ್ಟೆಯನ್ನು ಐದು ನಿಮಿಷ ಮೇಲಿಟ್ಟು ನೆನೆಸಿ, ಆಮೇಲೆ ಉಜ್ಜದೆ ಎತ್ತಿ ತೆಗೆಯಿರಿ.