ಮಷಿನ್ ಯಾಕೆ ತಾನಾಗೇ ರೀಸ್ಟಾರ್ಟ್ ಆಗ್ತಿದೆ? ನಾಲ್ಕು ಸಾಫ್ಟ್‌ವೇರ್ ಹಾಕಿ ನೋಡಿದ ಕಥೆ

ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಹತ್ತು ವರ್ಷ ದಾಟಿದೆ. ಇಂಟೆಲ್ ಐ5-4590, 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಒಂದು ಹಳೇ ಹಾರ್ಡ್ ಡಿಸ್ಕ್. 2025ರ ಬೇಸಿಗೆಯಲ್ಲಿ ಅದಕ್ಕೊಂದು ರೋಗ ಹತ್ತಿತು. ಕೆಲಸ ಮಾಡ್ತಾ ಇರುವಾಗಲೇ ಸ್ಕ್ರೀನ್ ಕಪ್ಪಾಗುತ್ತದೆ, ಆಮೇಲೆ ತಾನಾಗೇ ರೀಸ್ಟಾರ್ಟ್. ಕೆಲವು ದಿನ ಎರಡು ಸಲ, ಕೆಲವು ದಿನ ಇಲ್ಲವೇ ಇಲ್ಲ. ನೀಲಿ ಸ್ಕ್ರೀನ್ ಇಲ್ಲ, ಎರರ್ ಮೆಸೇಜ್ ಇಲ್ಲ. ನನ್ನ ಹೆಂಡತಿ ಹೈಸ್ಕೂಲ್ ಟೀಚರ್, ಪ್ರಶ್ನೆಪತ್ರಿಕೆ ಟೈಪ್ ಮಾಡುವುದು ಈ ಮಷಿನ್‌ನಲ್ಲೇ. "ರೀ, ಮತ್ತೆ ಹೋಯ್ತು ನೋಡ್ರಿ" ಎಂಬ ಕೂಗು ಬೀದಿಗೆ ಕೇಳುತ್ತಿತ್ತು.

ನಮ್ಮದು ಬಳ್ಳಾರಿ. ಬೇಸಿಗೆಯಲ್ಲಿ ಇಲ್ಲಿ ಮನುಷ್ಯರೇ ಹ್ಯಾಂಗ್ ಆಗ್ತಾರೆ. ಹಾಗಾಗಿ ಕೇಳಿದವರೆಲ್ಲ ಹೇಳಿದ್ದು ಒಂದೇ: ಹೀಟ್ ಆಗಿರಬೇಕು. ನನಗೂ ಹಾಗೇ ಅನಿಸಿತು. ಎಷ್ಟು ಹೀಟ್ ಆಗ್ತಿದೆ ನೋಡೋಣ ಅಂತ ಶುರು ಮಾಡಿದ್ದು, ಕೊನೆಗೆ ನಾಲ್ಕು ಸಾಫ್ಟ್‌ವೇರ್‌ಗಳ ಹೋಲಿಕೆಯಾಯಿತು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ತೋರಿಸಬಹುದು, ಪ್ರೊಸೆಸರ್‌ದು ತೋರಿಸುವುದಿಲ್ಲ.

ಮೊದಲು ಹಾಕಿದ್ದು ಎಚ್‌ಡಬ್ಲ್ಯೂಮಾನಿಟರ್. ಸಿಪಿಯು-ಝಡ್ ಮಾಡಿದ ಸಿಪಿಯುಐಡಿಯವರದ್ದೇ ಇದು. ನೋಡೋಕೆ ತುಂಬಾ ಸುಲಭ. ಒಂದೇ ಕಿಟಕಿ, ಮೂರು ಕಾಲಂ: ಈಗ ಎಷ್ಟು, ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು. ತೆರೆದ ತಕ್ಷಣ ಎದೆ ಝಲ್ ಎಂದಿತು. ಮದರ್‌ಬೋರ್ಡ್ ಹೆಸರಿನ ಕೆಳಗೆ ಮೂರನೇ ಸಾಲು: 127 ಡಿಗ್ರಿ! ಫೋಟೋ ತೆಗೆದು ಪರಿಚಯದ ರಿಪೇರಿಯವರಿಗೆ ವಾಟ್ಸಾಪ್ ಮಾಡಿದೆ. "ಅಣ್ಣಾ, ಬೋರ್ಡ್ ಹೋಗ್ಯದ. ಈ ಮಾಡೆಲ್‌ಗೆ ಬೋರ್ಡ್ ಸಿಗೋದು ಕಷ್ಟ, ಹೊಸದೇ ತಗೊಂಬಿಡ್ರಿ" ಎಂದು ಉತ್ತರ ಬಂತು.

ದುಡ್ಡು ಬಿಚ್ಚುವ ಮುಂಚೆ ಒಂದು ರಾತ್ರಿ ಸುಮ್ನೆ ಬಿಟ್ಟೆ. ಬೆಳಗ್ಗೆ ಆರಕ್ಕೆ, ಇಡೀ ರಾತ್ರಿ ಆಫ್ ಆಗಿದ್ದ ಮಷಿನ್ ಆನ್ ಮಾಡಿ ಮೊದಲು ಇದನ್ನೇ ತೆರೆದೆ. ಆಗಲೂ 127. ಅತಿ ಕಡಿಮೆ 127, ಅತಿ ಜಾಸ್ತಿ 127. ನಿಜವಾದ ಬಿಸಿ ಹೀಗೆ ಕಲ್ಲಿನ ಹಾಗೆ ನಿಲ್ಲುವುದಿಲ್ಲ, ಅಲ್ವಾ? ಏರಬೇಕು, ಇಳಿಯಬೇಕು. ವಿಷಯ ಏನೆಂದರೆ, ಬೋರ್ಡ್ ಮೇಲೆ ಸೂಪರ್ ಐಒ ಎಂಬ ಒಂದು ಚಿಪ್ ಇರುತ್ತದೆ. ಫ್ಯಾನ್ ವೇಗ, ವೋಲ್ಟೇಜ್, ಬಿಸಿ ಅಳೆಯುವುದು ಅದರ ಕೆಲಸ. ಅದರಲ್ಲಿ ಸೆನ್ಸಾರ್‌ಗೆ ಮೂರು ಜಾಗ ಇದ್ದರೂ ಬೋರ್ಡ್ ಮಾಡುವವರು ಎಷ್ಟೋ ಸಲ ಎರಡಕ್ಕೆ ಮಾತ್ರ ಸೆನ್ಸಾರ್ ಕೂರಿಸಿರುತ್ತಾರೆ. ಖಾಲಿ ಬಿಟ್ಟ ಜಾಗವನ್ನು ಓದಿದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಎಂಟು ಬಿಟ್‌ನಲ್ಲಿ ಪ್ಲಸ್, ಮೈನಸ್ ಎರಡನ್ನೂ ಬರೆಯುವಾಗ ಹಿಡಿಯುವ ಅತಿ ದೊಡ್ಡ ಸಂಖ್ಯೆ 127. ಅದಕ್ಕೇ ಅದು. ಸಾಫ್ಟ್‌ವೇರ್‌ನದು ತಪ್ಪೇನಿಲ್ಲ, ಚಿಪ್ ಕೊಟ್ಟಿದ್ದನ್ನು ತೋರಿಸಿದೆ ಅಷ್ಟೆ. ಆದರೆ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಅದು ಹೇಳುವುದಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಮಷಿನ್ ರೀಸ್ಟಾರ್ಟ್ ಆದರೆ ಆ ಮೂರು ಕಾಲಂ ಅಳಿಸಿಹೋಗುತ್ತವೆ. ನನಗೆ ಬೇಕಾಗಿದ್ದೇ ಆಫ್ ಆಗುವ ಮುಂಚಿನ ಕ್ಷಣ. ಮನೆಗೆ ಕಳ್ಳ ಬಂದು ಹೋದಮೇಲೆ ಸಿಸಿಟಿವಿಯಲ್ಲಿ ಲೈವ್ ನೋಡಿದ ಹಾಗಾಯಿತು.

ಎರಡನೆಯದು ಕೋರ್ ಟೆಂಪ್. ಸಣ್ಣ ಸಾಫ್ಟ್‌ವೇರ್. ಗಡಿಯಾರದ ಪಕ್ಕದಲ್ಲಿ ಪ್ರೊಸೆಸರ್ ಒಳಗಿನ ನಾಲ್ಕು ಕೋರ್‌ಗಳ ಬಿಸಿಯನ್ನು ನಾಲ್ಕು ಪುಟ್ಟ ಅಂಕಿಗಳಲ್ಲಿ ತೋರಿಸುತ್ತದೆ. ಪ್ರೊಸೆಸರ್ ಒಳಗಿನ ಸೆನ್ಸಾರನ್ನೇ ಓದುವುದರಿಂದ 127ರಂಥ ಗೊಂದಲ ಇಲ್ಲ. ಟಿಜೆ ಮ್ಯಾಕ್ಸ್ 100 ಡಿಗ್ರಿ ಎಂದೂ ತೋರಿಸುತ್ತದೆ. ಅಷ್ಟು ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಇಲ್ಲೂ ಒಂದು ತಮಾಷೆ ಕಂಡೆ. ಗೋಡೆಯ ಥರ್ಮಾಮೀಟರ್‌ನಲ್ಲಿ ರೂಮಿನ ಬಿಸಿ 38. ಕೋರ್ ಟೆಂಪ್‌ನಲ್ಲಿ ಒಂದು ಕೋರ್ 35! ಫ್ಯಾನ್ ಏನು ಮಾಡಿದರೂ ರೂಮಿಗಿಂತ ತಣ್ಣಗೆ ಮಾಡಲಾರದು. ಕಾರಣ ಇಷ್ಟೇ: ಇಂಟೆಲ್‌ನ ಈ ಸೆನ್ಸಾರ್ ಅಳೆಯುವುದು ಟಿಜೆ ಮ್ಯಾಕ್ಸ್‌ಗೆ ಇನ್ನೂ ಎಷ್ಟು ದೂರ ಇದ್ದೇವೆ ಅಂತ. 100ರ ಹತ್ತಿರ ಲೆಕ್ಕ ಚೆನ್ನಾಗಿರುತ್ತದೆ, ದೂರ ಹೋದಷ್ಟೂ ಸಡಿಲ. ಆದ್ದರಿಂದ ಸುಮ್ಮನಿರುವ ಮಷಿನ್‌ನ 35, 40 ನೋಡಿ ಖುಷಿಪಡಬೇಡಿ, ಚಿಂತೆಯೂ ಬೇಡ. ಪ್ರೊಸೆಸರ್ ಒಂದನ್ನೇ ನೋಡಬೇಕು ಅನ್ನುವವರಿಗೆ ಕೋರ್ ಟೆಂಪ್ ಸಾಕು. ನನ್ನ ರೋಗ ಎಲ್ಲಿದೆ ಎಂದೇ ಗೊತ್ತಿಲ್ಲದಿರುವಾಗ ಸಾಲಲಿಲ್ಲ.

ಮೂರನೆಯದು ಲಿಬ್ರೆಹಾರ್ಡ್‌ವೇರ್‌ಮಾನಿಟರ್. ಓಪನ್ ಹಾರ್ಡ್‌ವೇರ್ ಮಾನಿಟರ್ ಎಂಬ ಹಳೆಯ ಸಾಫ್ಟ್‌ವೇರ್‌ನಿಂದ ಕವಲೊಡೆದದ್ದು, ಓಪನ್ ಸೋರ್ಸ್. ನನಗೆ ಇದು ಇಷ್ಟವಾದದ್ದು ಒಂದೇ ಕಾರಣಕ್ಕೆ. ಅದರಲ್ಲಿ ರಿಮೋಟ್ ವೆಬ್ ಸರ್ವರ್ ಎಂಬ ಆಯ್ಕೆ ಇದೆ. ಆನ್ ಮಾಡಿ, ಫೋನಿನ ಬ್ರೌಸರ್‌ನಲ್ಲಿ ಮಷಿನ್‌ನ ಐಪಿ ವಿಳಾಸ ಹಾಕಿ, ಮುಂದೆ 8085 ಎಂಬ ಪೋರ್ಟ್ ಸೇರಿಸಿದರೆ ಎಲ್ಲ ಅಂಕಿಗಳೂ ಫೋನಿಗೇ ಬರುತ್ತವೆ. ಮನೆ ವೈಫೈ ಒಂದೇ ಇದ್ದರೆ ಸಾಕು. ಹಾಸಿಗೆ ಮೇಲೆ ಮಲಗಿ ಮಷಿನ್‌ನ ಜ್ವರ ನೋಡಬಹುದು.

ಆದರೆ ನಾನು ಹಾಕಿದ ಕಾಲ ಸರಿ ಇರಲಿಲ್ಲ. ಹಾರ್ಡ್‌ವೇರ್ ಮುಟ್ಟಲು ಅದು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರ್‌ನಲ್ಲಿ ಭದ್ರತೆಯ ದೋಷವಿದೆ ಎಂದು 2020ರಿಂದಲೇ ಗೊತ್ತಿತ್ತು. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿದು ಪಕ್ಕಕ್ಕಿಡಲು ಶುರು ಮಾಡಿತು. ಇದೇ ಡ್ರೈವರ್ ನಂಬಿದ್ದ ಬೇರೆ ಸಾಫ್ಟ್‌ವೇರ್‌ಗಳಿಗೂ ಅದೇ ಗತಿ. ಡಿಫೆಂಡರ್‌ಗೆ ಸುಮ್ನಿರು ಎಂದು ಹೇಳುವ ದಾರಿ ಇತ್ತು, ನಾನು ಹೋಗಲಿಲ್ಲ. ಬ್ಯಾಂಕಿನ ಕೆಲಸವೂ ಅದೇ ಮಷಿನ್‌ನಲ್ಲಿ ನಡೆಯುತ್ತದೆ. ಆಮೇಲೆ ಬಂದ ಆವೃತ್ತಿಗಳು ಪಾನ್‌ಐಒ ಎಂಬ ಬೇರೆ ಡ್ರೈವರ್‌ಗೆ ಬದಲಾಗಿವೆ. ಈಗ ಹಾಕುವವರು ಹೊಸದನ್ನೇ ಹಾಕಿ.

ಕೊನೆಗೆ ಎಚ್‌ಡಬ್ಲ್ಯೂಇನ್ಫೋ. ಮೊದಲ ನೋಟಕ್ಕೆ ಹೆದರಿಸುತ್ತದೆ. ಉದ್ದಕ್ಕೆ ಇಳಿಯುವ ಪಟ್ಟಿ, ಮುಗಿಯುವುದೇ ಇಲ್ಲ. ತೆರೆಯುವಾಗ ಸೆನ್ಸಾರ್ಸ್-ಓನ್ಲಿ ಎಂಬುದಕ್ಕೆ ಟಿಕ್ ಹಾಕಿದರೆ ಸ್ವಲ್ಪ ಹಗುರ. ಮೂರು ಕಾಲಂ ಜೊತೆಗೆ ಸರಾಸರಿಯ ನಾಲ್ಕನೇ ಕಾಲಂ ಇದೆ. ಬಿಸಿಯಿಂದ ಪ್ರೊಸೆಸರ್ ವೇಗ ಇಳಿಸಿದೆಯೇ ಎಂಬುದಕ್ಕೆ ಯೆಸ್ ಅಥವಾ ನೋ ಎಂದು ನೇರ ಉತ್ತರ ಇದೆ. ಹಾರ್ಡ್‌ವೇರ್ ಎರರ್‌ಗಳನ್ನು ಎಣಿಸುವ ಸಾಲೂ ಇದೆ. ಆ ಖಾಲಿ ಸೆನ್ಸಾರನ್ನು ಬಲ ಕ್ಲಿಕ್ ಮಾಡಿ ಪಟ್ಟಿಯಿಂದ ಮರೆ ಮಾಡಿದೆ, 127ರ ಕಾಟ ತಪ್ಪಿತು.

ಇಲ್ಲೊಂದು ಎಚ್ಚರಿಕೆ. ಹೋಲಿಸುವ ಹುಮ್ಮಸ್ಸಿನಲ್ಲಿ ಮೂರನ್ನೂ ಒಟ್ಟಿಗೆ ಓಡಿಸಿದ್ದೆ. ಒಂದು ಕ್ಷಣ ಫ್ಯಾನ್ ವೇಗ ಸೊನ್ನೆ, ಮರುಕ್ಷಣ ಹತ್ತು ಸಾವಿರ ದಾಟಿತು. ಒಂದೇ ಚಿಪ್ಪನ್ನು ಎಲ್ಲರೂ ಒಟ್ಟಿಗೆ ಕೇಳಿದರೆ ಅದು ಯಾರಿಗೆ ಅಂತ ಉತ್ತರ ಕೊಡಬೇಕು? ಒಂದು ಸಲಕ್ಕೆ ಒಂದೇ ಓಡಿಸಿ.

ಎಚ್‌ಡಬ್ಲ್ಯೂಇನ್ಫೋ ನನ್ನ ಮನಸ್ಸು ಗೆದ್ದದ್ದು ಲಾಗ್‌ನಿಂದ. ಕೆಳಗಿನ ಬಟನ್ ಒತ್ತಿ ಫೈಲಿಗೆ ಹೆಸರು ಕೊಟ್ಟರೆ, ಎರಡು ಸೆಕೆಂಡಿಗೊಮ್ಮೆ ಎಲ್ಲ ಅಂಕಿಗಳನ್ನೂ ಸಮಯದ ಸಮೇತ ಒಂದು ಸಿಎಸ್‌ವಿ ಫೈಲಿಗೆ ಬರೆಯುತ್ತಾ ಹೋಗುತ್ತದೆ. ಮಷಿನ್ ದಿಢೀರನೆ ಹೋದರೆ ಕೊನೆಯ ಒಂದೆರಡು ಸಾಲು ತಪ್ಪಬಹುದು, ಉಳಿದದ್ದು ಡಿಸ್ಕ್‌ನಲ್ಲಿ ಇರುತ್ತದೆ. ಲಿಬ್ರೆಯಲ್ಲೂ ಕೋರ್ ಟೆಂಪ್‌ನಲ್ಲೂ ಲಾಗ್ ಇದೆ ಎಂಬುದು ನ್ಯಾಯವಾಗಿ ಹೇಳಬೇಕಾದ ಮಾತು. ಒಂದು ಡ್ರೈವರ್ ಜಗಳದಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದಕ್ಕೆ ಪ್ರೊಸೆಸರ್ ಬಿಟ್ಟು ಬೇರೇನೂ ಕಾಣದು.

ಐದು ದಿನ ಲಾಗ್ ಓಡಿಸಿದೆ. ನಾಲ್ಕು ಸಲ ರೀಸ್ಟಾರ್ಟ್ ಆಯಿತು. ನಾಲ್ಕೂ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ತಳಕ್ಕೆ ಹೋದೆ. ಕೊನೆಯ ಸಾಲಿನಲ್ಲಿ ಪ್ರೊಸೆಸರ್ ಬಿಸಿ: 52, 49, 57, 51. ಹೀಟ್ ಅಂತ ಊರೆಲ್ಲ ಹೇಳಿದ್ದು ಇದಕ್ಕಾ? ವೇಗ ಇಳಿಸಿದ್ದು ನೋ. ಹಾರ್ಡ್‌ವೇರ್ ಎರರ್ ಸೊನ್ನೆ. ಎಸ್‌ಎಂಪಿಎಸ್, ಅಂದರೆ ಮಷಿನ್ ಒಳಗಿನ ಪವರ್ ಸಪ್ಲೈ, ಕೊಡುವ 12 ವೋಲ್ಟ್ ಲೈನ್ ಕೊನೆ ಸಾಲಿನವರೆಗೂ 12ರ ಆಸುಪಾಸು. ಶೇಕಡಾ 5ರಷ್ಟು ಆಚೀಚೆ, ಅಂದರೆ 11.4ರಿಂದ 12.6ರವರೆಗೆ ಸರಿ ಎಂದೇ ಲೆಕ್ಕ.

ನಂಬಿಕೆ ಬರಲಿಲ್ಲ. ಪ್ರೈಮ್95 ಹಾಕಿ ಒಂದು ಗಂಟೆ ಪ್ರೊಸೆಸರನ್ನು ಹಿಂಡಿದೆ. 91ಕ್ಕೆ ಹೋಯಿತು, ಫ್ಯಾನ್ ಕಿರುಚಿತು, ಮಷಿನ್ ಅಲುಗಲಿಲ್ಲ. ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86ಪ್ಲಸ್ ಬೂಟ್ ಮಾಡಿ ಬಿಟ್ಟೆ, ಬೆಳಗ್ಗೆ ರ‍್ಯಾಮ್ ಪಾಸ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಾರ್ಡ್ ಡಿಸ್ಕ್ ನೀಲಿ ಬಣ್ಣ, ಗುಡ್. ಡಿಸ್ಕ್‌ನ ಕೆಟ್ಟ ಜಾಗಗಳನ್ನು ಎಣಿಸುವ 05 ಮತ್ತು ಸಿ5 ಸಾಲುಗಳಲ್ಲಿ ಸೊನ್ನೆ ಇತ್ತು. ಅವು ಏರತೊಡಗಿದರೆ ಮೊದಲು ಬ್ಯಾಕಪ್ ತಗೊಳ್ಳಿ, ಉಳಿದದ್ದು ಆಮೇಲೆ. ಈವೆಂಟ್ ವ್ಯೂವರ್‌ನಲ್ಲಿ ಮಾತ್ರ ಪ್ರತಿ ಸಲವೂ ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೇ ರೀಸ್ಟಾರ್ಟ್ ಆಯಿತು ಎಂಬ ದಾಖಲೆ), ಬಗ್‌ಚೆಕ್ ಕೋಡ್ 0. ಅಂದರೆ ವಿಂಡೋಸ್ ಕುಸಿದಿಲ್ಲ, ಅದಕ್ಕೆ ಕುಸಿಯಲೂ ಪುರುಸೊತ್ತು ಸಿಕ್ಕಿಲ್ಲ.

ಉಳಿದದ್ದು ಸಮಯದ ಕಾಲಂ. ನಾಲ್ಕು ಸಮಯಗಳನ್ನು ಚೀಟಿಯಲ್ಲಿ ಬರೆದು ಹೆಂಡತಿ ಮುಂದಿಟ್ಟೆ. "ನಿನ್ನೆ 4:10ಕ್ಕೆ ಏನ್ ಮಾಡ್ತಿದ್ದೆ?"

"ಪ್ರಿಂಟ್ ಕೊಟ್ಟಿದ್ದೆ."

"ಮೊನ್ನೆ 6:35ಕ್ಕೆ?"

"ಅದೂ ಪ್ರಿಂಟೇ. ಯಾಕ್ರಿ?"

ಟೇಬಲ್ ಕೆಳಗೆ ಟಾರ್ಚ್ ಹಿಡಿದು ಬಗ್ಗಿದೆ. ಲೇಸರ್ ಪ್ರಿಂಟರ್‌ನ ವೈರ್ ಯುಪಿಎಸ್‌ನ ಬ್ಯಾಟರಿ ಸಾಕೆಟ್‌ನಲ್ಲಿತ್ತು. ಯುಗಾದಿಗೆ ಮನೆ ಗುಡಿಸುವಾಗ ವೈರುಗಳನ್ನೆಲ್ಲ ಚೆಂದಾಗಿ ಜೋಡಿಸಿದ್ದು ನಾನೇ. ಲೇಸರ್ ಪ್ರಿಂಟರ್ ಒಳಗೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಹಿಡಿಸುವ ಹೀಟರ್ ಇರುತ್ತದೆ. ಮಲಗಿದ್ದ ಪ್ರಿಂಟರ್ ಎದ್ದು ಮೊದಲ ಹಾಳೆಗೆ ತಯಾರಾಗುವಾಗ ಆ ಹೀಟರ್ ಗಬಕ್ಕನೆ ಕರೆಂಟ್ ಎಳೆಯುತ್ತದೆ. ನಮ್ಮದು 600 ವಿಎ ಯುಪಿಎಸ್, ಬ್ಯಾಟರಿಗೆ ವಯಸ್ಸಾಗಿದೆ. ಮಷಿನ್‌ಗೂ ಕರೆಂಟ್ ಅದರಿಂದಲೇ, ಹೀಟರ್‌ನ ಎಳೆತ ಅದಕ್ಕೆ ತಡೆಯದು. ಕರೆಂಟ್ ಕಣ್ಣು ಮಿಟುಕಿಸಿದರೆ ಒಳ್ಳೆ ಎಸ್‌ಎಂಪಿಎಸ್ ಕೂಡ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಎರಡು ಸೆಕೆಂಡಿಗೊಮ್ಮೆ ಇಣುಕುವ ಸಾಫ್ಟ್‌ವೇರ್‌ಗೆ ಅದು ಕಾಣುವುದು ಹೇಗೆ? ಎರಡನೇ ಹಾಳೆಗೆ ಹೀಟರ್ ಆಗಲೇ ಬಿಸಿ ಇರುತ್ತದೆ, ಏನೂ ಆಗುವುದಿಲ್ಲ. ಅದಕ್ಕೇ ಪ್ರತಿ ಹಾಳೆಗೂ ಆಗುತ್ತಿರಲಿಲ್ಲ.

ಪ್ರಿಂಟರನ್ನು ಗೋಡೆಯ ಸಾಕೆಟ್‌ಗೆ ಹಾಕಿದೆ. ಅವತ್ತಿನಿಂದ ಒಂದೂ ರೀಸ್ಟಾರ್ಟ್ ಇಲ್ಲ.

ಈಗ ಮಷಿನ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎರಡನ್ನು ಉಳಿಸಿಕೊಂಡಿದ್ದೇನೆ. ಎಚ್‌ಡಬ್ಲ್ಯೂಇನ್ಫೋ ಮನೆ ಬಳಕೆಗೆ ಉಚಿತ. ಅಂಗಡಿ, ಆಫೀಸಿಗೆ ಹಾಕುವವರು ದುಡ್ಡು ಕೊಟ್ಟು ಪ್ರೊ ಲೈಸೆನ್ಸ್ ತಗೊಳ್ಳಬೇಕು, ಇಲ್ಲವೇ ಲಿಬ್ರೆ ಹಾಕಿಕೊಳ್ಳಬೇಕು. ಬರೀ ಒಂದು ಸಲ ಬಿಸಿ ನೋಡಿ ಮುಚ್ಚುವವರಿಗೆ ಎಚ್‌ಡಬ್ಲ್ಯೂಮಾನಿಟರ್ ಸಾಕು, ಕಲ್ಲಿನ ಹಾಗೆ ನಿಂತ ಅಂಕಿಯನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಸರಿ. ಯುಪಿಎಸ್ ಮೇಲೆ ಹೆಂಡತಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಳೆ: "ಇಲ್ಲಿ ಪ್ರಿಂಟರ್ ಹಾಕಬಾರದು." ಕೆಳಗೆ ಅಡಿಗೆರೆ, ಎರಡು ಸಲ.